ಪ್ರಥಮ ಚಿಕಿತ್ಸೆ ಕಲಿಸುವವರು ಪಾಠವನ್ನು ಇನ್ನೂ ಚೆನ್ನಾಗಿ ಮಾಡೋದು ಹೇಗೆ?

ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಡುವ ತುರ್ತು ಚಿಕಿತ್ಸೆ) ವಿವರಿಸಿದಾಗ ಕಲಿಯುವವರೆಲ್ಲ ತಲೆಯಾಡಿಸುತ್ತಾರೆ, ಮಾಡಿ ಅಂದರೆ ತಡವರಿಸುತ್ತಾರೆ. ಹಾಗಾಗಿ ಸ್ಲೈಡ್ ಕಡಿಮೆ ಮಾಡಿ, ತರಬೇತಿ ಬೊಂಬೆಯ ಮೇಲೆ ಜಾಸ್ತಿ ಮಾಡಿಸಿ.

ಕೈಕೆಲಸ ಕಲಿಸಲು ಶಸ್ತ್ರವೈದ್ಯ ಪೇಟನ್ ಅವರ ನಾಲ್ಕು ಹಂತದ ಕ್ರಮ ಬಳಸಿ. ಮೊದಲು ಮಾತಾಡದೆ ನಿಜವಾದ ವೇಗದಲ್ಲಿ ಮಾಡಿ ತೋರಿಸಿ. ಆಮೇಲೆ ವಿವರಿಸುತ್ತಾ ನಿಧಾನವಾಗಿ. ಮೂರನೇ ಸಲ ಅವರು ಹೇಳಬೇಕು, ನೀವು ಮಾಡಬೇಕು. ಕೊನೆಗೆ ಅವರೇ ಹೇಳಿಕೊಂಡು ಮಾಡಲಿ. ಮೂರನೆಯದನ್ನು ಹಾರಿಸಬೇಡಿ. ಯಾರಿಗೆ ಎಲ್ಲಿ ಗೊಂದಲ ಅನ್ನೋದು ಗೊತ್ತಾಗೋದೇ ಅಲ್ಲಿ.

ತಿದ್ದುವಾಗ ಸುಮ್ನೆ "ಸರಿಯಾಗಿ ಒತ್ತಿ" ಅಂದರೆ ಏನು ಅರ್ಥ ಆಗುತ್ತೆ? "ಮೊಣಕೈ ಮಡಚಬೇಡಿ, ಪ್ರತಿ ಸಲ ಎದೆ ಪೂರ್ತಿ ಮೇಲೇಳಲಿ" ಅನ್ನಿ. ದೊಡ್ಡವರಿಗೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಬೇಕು. ಎರಡು ನಿಮಿಷ ಬಿಡದೆ ಒತ್ತಿಸಿ, ಸುಸ್ತು ಗೊತ್ತಾದ ಮೇಲೆ ಒತ್ತುವವರನ್ನು ಬದಲಾಯಿಸೋದು ಯಾಕೆ ಅಂತ ಯಾರೂ ಕೇಳೋದೇ ಇಲ್ಲ!

ಕೆಲವೇ ತಿಂಗಳಲ್ಲಿ ಕೈ ಮರೆಯುತ್ತದೆ. ಅದಕ್ಕೇ ಚಿಕ್ಕ ಚಿಕ್ಕ ಮರುತರಬೇತಿ ಇಟ್ಟುಕೊಳ್ಳಿ.