ಪಾರ್ಕಿನೊಳಗೆ ರೂಮೋ, ಹೊರಗೆ ಮನೆಯೋ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ ಓದುಗರಿಂದ ಈ ಸಲ ಹೆಚ್ಚಾಗಿ ಬಂದಿರುವುದು ಫ್ಲಾರಿಡಾದ ಒರ್ಲಾಂಡೊ ಕುರಿತ ಪ್ರಶ್ನೆಗಳು. ಅಲ್ಲಿನ ಡಿಸ್ನಿ ವರ್ಲ್ಡ್, ಯೂನಿವರ್ಸಲ್ ಪಾರ್ಕುಗಳ ಆವರಣದೊಳಗಿನ ಹೋಟೆಲೇ ಬೇಕೆ, ಹೊರಗಿನದು ಸಾಕೆ ಎಂಬುದೇ ಎಲ್ಲರ ಗೊಂದಲ. ನಾಲ್ಕು ಪತ್ರಗಳಿಗೆ ವಿವರವಾಗಿ ಉತ್ತರಿಸಿದ್ದೇವೆ. ಕೊನೆಯಲ್ಲಿ ಸಿಂಗಪುರದ್ದೂ ಒಂದಿದೆ.

ಪ್ರಶ್ನೆ: ನನಗೆ 70, ಮನೆಯವಳಿಗೆ 65. ನನಗೆ ಮಂಡಿನೋವು. ಅಟ್ಲಾಂಟಾದಲ್ಲಿರುವ ಮಗಳು, ಅಳಿಯ, 9 ಮತ್ತು 4 ವರ್ಷದ ಮೊಮ್ಮಕ್ಕಳ ಜತೆ ಮಾರ್ಚ್‌ನಲ್ಲಿ ಅವರ ಕಾರಿನಲ್ಲೇ ಡಿಸ್ನಿ ವರ್ಲ್ಡ್‌ಗೆ ಹೋಗುತ್ತಿದ್ದೇವೆ. ಪಾರ್ಕಿಗೆ ನಾಲ್ಕು ದಿನ. ಡಿಸ್ನಿಯದೇ ಹೋಟೆಲ್ ಇರಲಿ ಎಂದು ಅಳಿಯ, ಪಕ್ಕದ ಊರು ಕಿಸಿಮ್ಮಿಯಲ್ಲಿ ಮೂರು ಬೆಡ್‌ರೂಮಿನ ಮನೆ ಬಾಡಿಗೆಗೆ ಹಿಡಿಯೋಣ ಎಂದು ಮಗಳು. ಯಾವುದು ಒಳ್ಳೆಯದು?
— ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಕುಟುಂಬಕ್ಕೆ ಮನೆಯೇ ಸರಿ. ಬಾಡಿಗೆ ಕಡಿಮೆ ಅನ್ನುವುದು ಅದಕ್ಕೆ ಮುಖ್ಯ ಕಾರಣವಲ್ಲ, ಆ ಲೆಕ್ಕ ಎಷ್ಟೋ ಸಲ ಕೈಕೊಡುತ್ತದೆ. ನೀವಿಬ್ಬರೂ ನಾಲ್ಕು ದಿನವೂ ಪಾರ್ಕಿಗೆ ಹೋಗಲಾರಿರಿ, ಹೋಗಲೂಬಾರದು. ಅಲ್ಲಿ ದಿನಕ್ಕೆ ಹತ್ತು ಕಿಲೋಮೀಟರ್ ನಡಿಗೆ ತೀರಾ ಸಾಮಾನ್ಯ. ನಿಮ್ಮಿಬ್ಬರಿಗೆ ಎರಡೇ ದಿನದ ಟಿಕೆಟ್ ತೆಗೆಸಿ. ಉಳಿದೆರಡು ದಿನ ಹೋಟೆಲ್ ಕೋಣೆಯ ಮಂಚದ ಮೇಲೆ ಕೂತು ಕಳೆಯುವುದಕ್ಕೂ ಹಜಾರ, ಅಡುಗೆಮನೆ, ಹಿತ್ತಲು ಇರುವ ಮನೆಯಲ್ಲಿ ಕಳೆಯುವುದಕ್ಕೂ ಅಜಗಜಾಂತರ.

ಡಿಸ್ನಿಯ ಅಗ್ಗದ ದರ್ಜೆಯ ಹೋಟೆಲುಗಳಲ್ಲಿ ಮಾಮೂಲಿ ಕೋಣೆಗೆ ನಾಲ್ಕೇ ಜನ. ನೀವು ಆರು ಜನ, ಎಂದರೆ ಎರಡು ಕೋಣೆ ಬೇಕು. ಅವು ಅಕ್ಕಪಕ್ಕ ಸಿಗಲಿ ಎಂದು ಕೋರಿಕೆ ಸಲ್ಲಿಸಬಹುದೇ ಹೊರತು ಖಾತರಿ ಇಲ್ಲ. ಆರು ಜನ ಒಟ್ಟಿಗೆ ಇರಲೇಬೇಕೆಂದರೆ ‘ಆರ್ಟ್ ಆಫ್ ಅನಿಮೇಷನ್’ ಹೋಟೆಲಿನ ಫ್ಯಾಮಿಲಿ ಸೂಟ್ ನೋಡಿ. ಎರಡು ಬಚ್ಚಲು, ಮೈಕ್ರೋವೇವ್, ಚಿಕ್ಕ ಫ್ರಿಜ್ ಇರುತ್ತವೆ, ಅಡುಗೆ ಒಲೆ ಇರುವುದಿಲ್ಲ.

ಇನ್ನು ಹಣದ ಲೆಕ್ಕ. ಹೋಟೆಲ್ ದರದ ಮೇಲೆ ಶೇ 12.5ರಿಂದ 13.5ರಷ್ಟು ತೆರಿಗೆ ಬೀಳುತ್ತದೆ. ಡಿಸ್ನಿಯ ಸ್ವಂತ ಹೋಟೆಲುಗಳಲ್ಲಿ ರೆಸಾರ್ಟ್ ಶುಲ್ಕ (ಕೋಣೆಯ ದರದ ಮೇಲೆ ದಿನಕ್ಕಿಷ್ಟೆಂದು ಹಾಕುವುದು) ಇಲ್ಲ, ಕಾರು ನಿಲುಗಡೆಗೂ ದುಡ್ಡಿಲ್ಲ, ಹೋಟೆಲಲ್ಲೂ ಇಲ್ಲ, ಪಾರ್ಕಿನಲ್ಲೂ ಇಲ್ಲ. ಹೊರಗೆ ಉಳಿದವರು ಪಾರ್ಕಿನ ನಿಲುಗಡೆಗೆ ದಿನಕ್ಕೆ 30 ಡಾಲರ್ ಆಸುಪಾಸು ಕೊಡಬೇಕು, ನಾಲ್ಕು ದಿನಕ್ಕೆ 120. ಒಮ್ಮೆ ಕೊಟ್ಟರೆ ಆ ದಿನ ಡಿಸ್ನಿಯ ನಾಲ್ಕೂ ಪಾರ್ಕಿಗೆ ನಡೆಯುತ್ತದೆ. ಬಾಡಿಗೆ ಮನೆಗೆ ಸ್ವಚ್ಛತಾ ಶುಲ್ಕ ಪ್ರತ್ಯೇಕ. ಎಷ್ಟು ರಾತ್ರಿ ಉಳಿದರೂ ಅದನ್ನು ಒಂದೇ ಸಲ ಹಾಕುವುದರಿಂದ ಕಡಿಮೆ ದಿನ ಉಳಿಯುವವರಿಗೇ ಹೊಡೆತ ಜಾಸ್ತಿ. ಉದಾಹರಣೆಗೆ ಶುಲ್ಕ 200 ಡಾಲರ್ ಎಂದುಕೊಳ್ಳಿ. ನಾಲ್ಕು ರಾತ್ರಿಗೆ ಹಂಚಿದರೆ ದಿನಕ್ಕೆ 50, ಹತ್ತು ರಾತ್ರಿಗಾದರೆ 20. ಮಾರ್ಚ್‌ನಲ್ಲಿ ಇಂಥ ಮನೆಗಳ ಈಜುಕೊಳದ ನೀರು ತಣ್ಣಗಿರುತ್ತದೆ, ಬಿಸಿ ಮಾಡಿಸಲು ದಿನದ ಲೆಕ್ಕದಲ್ಲಿ ಬೇರೆ ಹಣ ಕೇಳುತ್ತಾರೆ. 2025ರ ಮೇ ತಿಂಗಳಿಂದ ಅಮೆರಿಕದಲ್ಲಿ ಕಡ್ಡಾಯ ಶುಲ್ಕಗಳನ್ನೆಲ್ಲ ಮೊದಲೇ ಸೇರಿಸಿ ದರ ತೋರಿಸಬೇಕೆಂಬ ನಿಯಮ ಬಂದಿದೆ. ಆದರೂ ತೆರಿಗೆ, ಈಜುಕೊಳದ ಬಿಸಿ, ಹೊರಗಿನ ಹೋಟೆಲಿನ ಕಾರು ನಿಲುಗಡೆಯಂಥವು ಆಮೇಲೆ ಸೇರಬಹುದು. ಹಣ ಕಟ್ಟುವ ಪುಟದ ಕೊನೆಯ ಮೊತ್ತವನ್ನು ರಾತ್ರಿಗಳಿಂದ ಭಾಗಿಸಿ, ಆಗ ಹೋಲಿಸಿ.

ಮನೆ ಆರಿಸುವಾಗ ಜನ ಮೋಸ ಹೋಗುವುದು ಒಂದು ಮಾತಿನಲ್ಲಿ: ‘ಡಿಸ್ನಿಗೆ ಹತ್ತೇ ನಿಮಿಷ’. ಡಿಸ್ನಿ ವರ್ಲ್ಡ್ ಸುಮಾರು 100 ಚದರ ಕಿಲೋಮೀಟರ್ ಹರಡಿರುವ ಜಾಗ. ಹತ್ತು ನಿಮಿಷಕ್ಕೆ ಅದರ ಗಡಿ ಮುಟ್ಟಬಹುದು, ಪಾರ್ಕಿನ ಗೇಟನ್ನಲ್ಲ. ಮನೆಯ ವಿಳಾಸದಿಂದ ‘ಮ್ಯಾಜಿಕ್ ಕಿಂಗ್‌ಡಮ್’ ಪಾರ್ಕಿಂಗ್‌ವರೆಗೆ, ವಾರದ ದಿನ ಬೆಳಿಗ್ಗೆ ಏಳೂವರೆಗೆ ಎಷ್ಟು ಹೊತ್ತು ಎಂದು ಮ್ಯಾಪಿನಲ್ಲಿ ನೋಡಿ. ಅರ್ಧ ಗಂಟೆ ಮೀರಿದರೆ ಬೇರೆ ಮನೆ ಹುಡುಕಿ.

ಮ್ಯಾಜಿಕ್ ಕಿಂಗ್‌ಡಮ್ ಹೆಸರು ಹೇಳಲು ಕಾರಣವಿದೆ. ಉಳಿದ ಮೂರು ಪಾರ್ಕುಗಳಲ್ಲಿ ಪಾರ್ಕಿಂಗ್ ಗೇಟಿನೆದುರೇ ಇದೆ. ಇದರದ್ದು ಮಾತ್ರ ಕೆರೆಯ ಆಚೆ ದಡದಲ್ಲಿ. ಕಾರು ನಿಲ್ಲಿಸಿ, ಟ್ರಾಮ್ ಹಿಡಿದು ‘ಟಿಕೆಟ್ ಸೆಂಟರ್’ ಎಂದು ಕರೆಯುವ ಜಾಗಕ್ಕೆ ಬಂದು, ಚೀಲ ತಪಾಸಣೆ ಮುಗಿಸಿ, ಆಮೇಲೆ ಮಾನೊರೈಲಿನಲ್ಲೋ ಹಡಗಿನಲ್ಲೋ ಕೆರೆ ದಾಟಿದರೆ ಗೇಟು. ಕಾರಿನ ಬಾಗಿಲು ಹಾಕಿದ ಮೇಲೆ ಇಷ್ಟಕ್ಕೇ 30ರಿಂದ 45 ನಿಮಿಷ ಇಟ್ಟುಕೊಳ್ಳಿ. ಡಿಸ್ನಿ ಹೋಟೆಲುಗಳ ಬಸ್ಸು ನೇರ ಗೇಟಿನ ಬಳಿಯೇ ಇಳಿಸುತ್ತದೆ. ಒಳಗೆ ಉಳಿಯುವುದರ ನಿಜವಾದ ಲಾಭ ಇಲ್ಲಿದೆ. ಕಾರು ನಿಲ್ಲಿಸಿದ ಸಾಲಿನ ಹೆಸರು, ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಪಾರ್ಕಿನ ರಾತ್ರಿಯ ಪಟಾಕಿ ಪ್ರದರ್ಶನ ಮುಗಿದ ಮೇಲೆ ಸಾವಿರಾರು ಕಾರುಗಳ ನಡುವೆ ಹುಡುಕುವುದು ಮಂಡಿನೋವಿನವರಿಗೆ ಆಗದ ಕೆಲಸ.

ಗಾಲಿಕುರ್ಚಿ ಪಾರ್ಕಿನಲ್ಲೇ ಬಾಡಿಗೆಗೆ ಸಿಗುತ್ತದೆ ನಿಜ, ಆದರೆ ಅದರ ಅಂಗಡಿ ಇರುವುದು ಗೇಟಿನ ಹತ್ತಿರ; ಪಾರ್ಕಿಂಗ್‌ನಿಂದ ಅಲ್ಲಿಯವರೆಗೆ ಟ್ರಾಮ್, ಮಾನೊರೈಲಿನ ನಡುವಿನ ದೂರವನ್ನು ನೀವು ಕಾಲಲ್ಲೇ ಸವೆಸಬೇಕು. ಆದ್ದರಿಂದ ಮಡಚುವ ಗಾಲಿಕುರ್ಚಿಯೊಂದನ್ನು ಅಟ್ಲಾಂಟಾದಲ್ಲೇ ಕಾರಿನ ಡಿಕ್ಕಿಗೆ ಹಾಕಿಕೊಳ್ಳಿ. ಬೇಡ ಅನ್ನಬೇಡಿ. ಮೊಮ್ಮಕ್ಕಳ ಜತೆ ಸಂಜೆವರೆಗೆ ಇರುವ ಹಾಗಾಗುವುದು ಅದರಿಂದಲೇ.

ಅಳಿಯಂದಿರ ಮಾತಲ್ಲೂ ಹುರುಳಿದೆ. ಡಿಸ್ನಿ ಹೋಟೆಲಿನವರಿಗೆ ಪ್ರತಿದಿನ ಅರ್ಧ ಗಂಟೆ ಮೊದಲೇ ಪ್ರವೇಶ. ಉದ್ದ ಸಾಲು ತಪ್ಪಿಸುವ ‘ಲೈಟ್ನಿಂಗ್ ಲೇನ್’ ಪಾಸನ್ನು ಅವರು ಏಳು ದಿನ ಮುಂಚೆ ಕಾದಿರಿಸಬಹುದು, ಹೊರಗಿನವರಿಗೆ ಮೂರೇ ದಿನ ಮುಂಚೆ. ಮಾರ್ಚ್ ಶಾಲಾ ರಜೆಯಲ್ಲಿ ಬೇಡಿಕೆಯ ರೈಡುಗಳ ಒಳ್ಳೆಯ ಹೊತ್ತುಗಳು ಆ ನಾಲ್ಕು ದಿನದಲ್ಲೇ ಖಾಲಿಯಾಗಿರುತ್ತವೆ. ಹೊರಗೆ ಉಳಿದರೆ ಮೂರು ದಿನ ಮುಂಚೆ ಫ್ಲಾರಿಡಾ ಸಮಯ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಆ್ಯಪ್ ತೆರೆದು ಕೂರಬೇಕು. ಆ ಕೆಲಸ ಅಳಿಯಂದಿರಿಗೇ ವಹಿಸಿ.

ಪ್ರಶ್ನೆ: ಹೊಸದಾಗಿ ಮದುವೆಯಾದ ನಾವಿಬ್ಬರು ಒರ್ಲಾಂಡೊದಲ್ಲಿ ಮೂರು ರಾತ್ರಿ ಇರುತ್ತೇವೆ. ಕಾರು ಓಡಿಸುವುದಿಲ್ಲ. ಹೊರಗಿನ ಹೋಟೆಲೊಂದು ‘ಡಿಸ್ನಿ ಪಾರ್ಕಿಗೆ ಉಚಿತ ಬಸ್’ ಎನ್ನುತ್ತಿದೆ. ಸಾಕಲ್ಲವೇ?
— ಬೆಂಗಳೂರು, ಜಯನಗರ

ಉತ್ತರ: ಸಾಲದು. ಕಾರಿಲ್ಲದವರು, ಮೂರೇ ರಾತ್ರಿಯವರು ಆವರಣದೊಳಗೇ ಉಳಿಯಬೇಕು. ಹೊರಗಿನ ಉಚಿತ ಬಸ್ಸು ಹೆಚ್ಚಿನ ಕಡೆ ದಿನಕ್ಕೆ ಕೆಲವೇ ಸಲ ಓಡುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗುವವರನ್ನು ಕೆರೆಯ ಆಚೆಯ ಟಿಕೆಟ್ ಸೆಂಟರಿನಲ್ಲೇ ಇಳಿಸುತ್ತದೆ. ಆ ಹೋಟೆಲನ್ನೇ ಹಿಡಿಯುವುದಾದರೆ ಬರಹದಲ್ಲಿ ಕೇಳಿ: ಬೆಳಗಿನ ಮೊದಲ ಬಸ್ ಎಷ್ಟಕ್ಕೆ, ರಾತ್ರಿ ಕೊನೆಯದು ಎಷ್ಟಕ್ಕೆ, ಯಾವ ಪಾರ್ಕುಗಳಿಗೆ, ಸೀಟು ಮುಂಚೆಯೇ ಕಾದಿರಿಸಬೇಕೆ. ಪಟಾಕಿ ಮುಗಿಯುವ ಮೊದಲೇ ಕೊನೆಯ ಬಸ್ಸಾದರೆ ಟ್ಯಾಕ್ಸಿಯೇ ಗತಿ.

ನಿಮಗೆ ಹೊಂದುವುದು ಡಿಸ್ನಿಯ ‘ಪಾಪ್ ಸೆಂಚುರಿ’ ಹೋಟೆಲ್. ಅಗ್ಗದ ದರ್ಜೆಯದೇ, ಆದರೆ 2019ರಲ್ಲಿ ಶುರುವಾದ ‘ಸ್ಕೈಲೈನರ್’ ಎಂಬ ತಂತಿಮಾರ್ಗದ ನಿಲ್ದಾಣ ಅದರ ಅಂಗಳದಲ್ಲೇ ಇದೆ. ತೊಟ್ಟಿಲಿನಂಥ ಡಬ್ಬಿ ಬರುತ್ತಲೇ ಇರುತ್ತದೆ, ಬಸ್ಸಿಗೆ ಕಾದ ಹಾಗೆ ಕಾಯಬೇಕಿಲ್ಲ. ‘ಕೆರಿಬಿಯನ್ ಬೀಚ್’ ನಿಲ್ದಾಣದಲ್ಲಿ ಇಳಿದು, ಎಪ್ಕಾಟ್ ಪಾರ್ಕಿಗೋ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿಗೋ ಹೋಗುವ ಡಬ್ಬಿಗೆ ಬದಲಿಸಬೇಕು. ಎಪ್ಕಾಟ್‌ಗೆ ಇದು ಮುಂಬಾಗಿಲಿಗಲ್ಲ, ಹಿಂಬದಿಯ ಗೇಟಿಗೆ ತಲುಪಿಸುತ್ತದೆ. ಮಿಂಚು ಬಂದರೆ ನಿಲ್ಲಿಸಿಬಿಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆ ಅಲ್ಲಿ ಹೆಚ್ಚುಕಡಿಮೆ ನಿತ್ಯದ್ದು, ಆಗ ಬಸ್ಸು ಹಿಡಿಯಿರಿ. ಉಳಿದೆರಡು ಪಾರ್ಕಿಗೆ ಯಾವಾಗಲೂ ಬಸ್ಸೇ.

ವಿಮಾನ ನಿಲ್ದಾಣದಿಂದ ಡಿಸ್ನಿ ಹೋಟೆಲಿಗೆ ಇದ್ದ ಉಚಿತ ಬಸ್ಸು 2022ರ ಜನವರಿಯಲ್ಲೇ ನಿಂತಿದೆ. ಹಳೆಯ ಪ್ರವಾಸ ಬರಹಗಳನ್ನು ನಂಬಿ ಆ ಖರ್ಚು ಮರೆಯಬೇಡಿ.

ಅರ್ಧ ಗಂಟೆ ಮುಂಚಿನ ಪ್ರವೇಶದ ಬಗ್ಗೆ ಒಂದು ಮಾತು. ಒಂಬತ್ತಕ್ಕೆ ತೆರೆಯುವ ಪಾರ್ಕಿನಲ್ಲಿ ಎಂಟೂವರೆಗೆ ರೈಡು ಶುರು ಎಂದರೆ ನೀವು ಎಂಟಕ್ಕೇ ಗೇಟಿನಲ್ಲಿರಬೇಕು. ತಿಂಡಿ ತಿಂದು ಎಂಟೂಮುಕ್ಕಾಲಿಗೆ ಹೋದರೆ ಆ ಸೌಲಭ್ಯ ಇದ್ದೂ ಇಲ್ಲದಂತೆ. ಎಷ್ಟೋ ಜನ ಇದಕ್ಕೇ ಹೆಚ್ಚು ದುಡ್ಡು ಕೊಟ್ಟು ಬಳಸದೆಯೇ ವಾಪಸು ಬರುತ್ತಾರೆ.

ಪ್ರಶ್ನೆ: ಅತ್ತೆಯವರಿಗೆ ಹೊರಗಿನ ಊಟ ಆಗುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಇಲ್ಲಿಂದ ರೈಸ್ ಕುಕ್ಕರ್, ಮಿಕ್ಸಿ ಒಯ್ದರೆ ಹೋಟೆಲಲ್ಲೇ ಅನ್ನ ಸಾರು ಮಾಡಬಹುದೆ?
— ಪುತ್ತೂರಿನ ಓದುಗರು

ಉತ್ತರ: ಎರಡೂ ಬೇಡ. ನಮ್ಮಲ್ಲಿ ವಿದ್ಯುತ್ 230 ವೋಲ್ಟ್, ಅಲ್ಲಿ 120. ನಮ್ಮ ಕುಕ್ಕರಿನಲ್ಲಿ ಅಕ್ಕಿ ಬೇಯುವುದಿಲ್ಲ, ಮಿಕ್ಸಿ ತಿರುಗಿದರೂ ಅರೆಯುವುದಿಲ್ಲ. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸದು. ಮಾಮೂಲಿ ಹೋಟೆಲ್ ಕೋಣೆಯಲ್ಲಿ ಒಲೆ ಹಚ್ಚುವಂತೆಯೂ ಇಲ್ಲ. ಅತ್ತೆಯವರ ಊಟ ಇಷ್ಟು ಕಟ್ಟುನಿಟ್ಟಾಗಿದ್ದರೆ ಅಡುಗೆಮನೆಯುಳ್ಳ ಹೊರಗಿನ ಮನೆಯೇ ಬೇಕು, ಬೇರೆ ಯೋಚನೆಯೇ ಬೇಡ.

ಒಯ್ಯಬೇಕಾದದ್ದು ಚಪ್ಪಟೆ ತಳದ ಮೂರು ಲೀಟರ್ ಪ್ರೆಷರ್ ಕುಕ್ಕರ್. ಅಲ್ಲಿ ಹೆಚ್ಚಾಗಿ ಗಾಜಿನ ಹಾಸಿನ ಕರೆಂಟ್ ಒಲೆ, ಗುಂಡು ತಳದ ಬಾಣಲೆ ಅದರ ಮೇಲೆ ಕೂರುವುದೂ ಇಲ್ಲ, ಕಾಯುವುದೂ ಇಲ್ಲ. ಒಲೆ ಆರಿಸಿದ ಮೇಲೂ ಐದಾರು ನಿಮಿಷ ಕಾವು ಉಳಿಯುತ್ತದೆ. ಸಾಸಿವೆ ಸಿಡಿದ ಕೂಡಲೇ ಒಗ್ಗರಣೆ ಸೌಟನ್ನು ಪಕ್ಕಕ್ಕೆ ಎತ್ತದಿದ್ದರೆ ಮೆಣಸು ಕಪ್ಪಾಗಿ, ಹೊಗೆಯೆದ್ದು, ಛಾವಣಿಯ ಅಲಾರಂ ಮನೆಯೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಮೊದಲೇ ಒಲೆ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆರೆದಿಡಿ. ಸಿಂಕಿನೊಳಗೆ ಎಂಜಲು ಅರೆಯುವ ಯಂತ್ರ ಇರುತ್ತದೆ. ಕರಿಬೇವಿನ ಕಡ್ಡಿ, ನುಗ್ಗೆಯ ನಾರು, ಅನ್ನದ ರಾಶಿ ಅದಕ್ಕೆ ಹಾಕಬೇಡಿ, ಕಟ್ಟಿಕೊಳ್ಳುತ್ತದೆ. ಬಿಳಿ ಕಟ್ಟೆಯ ಮೇಲೆ ಬಿದ್ದ ಅರಿಸಿನವನ್ನು ತಕ್ಷಣ ಒರೆಸಿ. ಎರಡೂ ಠೇವಣಿ ಹಣಕ್ಕೆ ಕುತ್ತು ತರುವಂಥವು.

ಮನೆಯಲ್ಲಿ ಮಾಡಿದ್ದನ್ನು ಡಿಸ್ನಿ ಪಾರ್ಕುಗಳೊಳಗೆ ಒಯ್ಯಲು ಅಡ್ಡಿಯಿಲ್ಲ. ಗಾಜಿನ ಡಬ್ಬಿ ಮಾತ್ರ ಬೇಡ, ಬಿಸಿ ಮಾಡಿಸಬೇಕಾದ ಆಹಾರವೂ ಬೇಡ. ಚಪಾತಿ ಪಲ್ಯ, ಪುಳಿಯೋಗರೆ ಬಿಸಿಲಿಗೂ ತಾಳುತ್ತವೆ, ಮೊಸರನ್ನ ತಾಳುವುದಿಲ್ಲ. ಊಟದ ಕೌಂಟರುಗಳಲ್ಲಿ ಐಸ್ ನೀರು ಕೇಳಿದರೆ ಪುಕ್ಕಟೆ ಕೊಡುತ್ತಾರೆ.

ಪ್ರಶ್ನೆ: ಯೂನಿವರ್ಸಲ್‌ನಲ್ಲಿ ಎರಡು ದಿನ, ನಾಲ್ಕು ಜನ. ಒಳಗಿನ ದುಬಾರಿ ಹೋಟೆಲಿಗೆ ಕೊಡುವ ಹಣ ದಂಡವೇ?
— ಮೈಸೂರು

ಉತ್ತರ: ಮೂರು ಹೋಟೆಲುಗಳಾದರೆ ದಂಡವಲ್ಲ: ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್. ಕೋಣೆಯಲ್ಲಿ ಉಳಿದ ಪ್ರತಿಯೊಬ್ಬರಿಗೂ ಉದ್ದ ಸಾಲು ತಪ್ಪಿಸುವ ‘ಎಕ್ಸ್‌ಪ್ರೆಸ್ ಅನ್‌ಲಿಮಿಟೆಡ್’ ಪಾಸು ಕೋಣೆಯ ದರದಲ್ಲೇ ಸೇರಿದೆ. ಬಂದ ದಿನಕ್ಕೂ ನಡೆಯುತ್ತದೆ, ಹೊರಡುವ ದಿನಕ್ಕೂ ನಡೆಯುತ್ತದೆ. ಎಂದರೆ ಒಂದೇ ರಾತ್ರಿಯ ಬಾಡಿಗೆಗೆ ಎರಡು ದಿನದ ಪಾಸು. ಅದೇ ಪಾಸನ್ನು ಬಿಡಿಯಾಗಿ ಕೊಂಡರೆ ದಟ್ಟಣೆಯ ದಿನಗಳಲ್ಲಿ ಒಬ್ಬರಿಗೆ, ಒಂದು ದಿನಕ್ಕೇ 200 ಡಾಲರ್ ದಾಟುವುದುಂಟು; ನಾಲ್ವರಿಗೆ ಎರಡು ದಿನಕ್ಕೆ ಲೆಕ್ಕ ಹಾಕಿ ನೋಡಿ. ಕೋಣೆ ಸಂಜೆ ನಾಲ್ಕಕ್ಕೆ ಸಿಕ್ಕರೂ ಬೆಳಿಗ್ಗೆಯೇ ಹೋಗಿ ಹೆಸರು ನೋಂದಾಯಿಸಿ, ಸಾಮಾನು ಬಿಟ್ಟು, ಪಾಸು ಪಡೆದು ಪಾರ್ಕಿಗೆ ನಡೆಯಿರಿ. ಉಳಿದ ರಾತ್ರಿಗಳನ್ನು ಹೊರಗಿನ ಅಗ್ಗದ ಹೋಟೆಲಲ್ಲಿ ಕಳೆಯಬಹುದು.

ಮೂರು ಎಚ್ಚರಿಕೆ. 2025ರ ಮೇ 22ರಂದು ತೆರೆದ ‘ಎಪಿಕ್ ಯೂನಿವರ್ಸ್’ ಪಾರ್ಕಿಗೆ ಈ ಪಾಸು ನಡೆಯದು, ಅದಿರುವ ಜಾಗವೂ ಬೇರೆ. ಪಾರ್ಕಿನ ಟಿಕೆಟ್ ಪ್ರತ್ಯೇಕವಾಗಿ ಕೊಳ್ಳಲೇಬೇಕು. ಹ್ಯಾರಿ ಪಾಟರ್ ರೈಲು ಯೂನಿವರ್ಸಲ್‌ನ ಎರಡು ಹಳೆಯ ಪಾರ್ಕುಗಳ ನಡುವೆ ಓಡುವುದರಿಂದ ಒಂದೇ ದಿನ ಎರಡೂ ಪಾರ್ಕಿಗೆ ಹೋಗಬಹುದಾದ ಟಿಕೆಟ್ ಇದ್ದವರಿಗಷ್ಟೇ ಹತ್ತಲು ಬಿಡುತ್ತಾರೆ.

ಪ್ರಶ್ನೆ: ಸಿಂಗಪುರದ ಯೂನಿವರ್ಸಲ್‌ಗೆ ಒಂದು ದಿನ. ಅದಿರುವ ಸೆಂಟೋಸಾ ದ್ವೀಪದಲ್ಲೇ ಉಳಿಯಬೇಕೆ?
— ಹುಬ್ಬಳ್ಳಿ

ಉತ್ತರ: ಒಂದು ದಿನದ ಪಾರ್ಕಿಗೆ ಅಗತ್ಯವಿಲ್ಲ. ಲಿಟ್ಲ್ ಇಂಡಿಯಾದಲ್ಲಿ ರೂಮು ಮಾಡಿ. ಅಲ್ಲಿಂದ ನೇರಳೆ ಬಣ್ಣದ ಮೆಟ್ರೊ ಮಾರ್ಗದಲ್ಲಿ ಐದನೆಯ ನಿಲ್ದಾಣ ಹಾರ್ಬರ್‌ಫ್ರಂಟ್, ರೈಲು ಬದಲಿಸುವ ಗೋಜಿಲ್ಲ. ಮೇಲಿನ ವಿವೊಸಿಟಿ ಮಾಲಿನ ಮೂರನೇ ಮಹಡಿಯಿಂದ ಸೆಂಟೋಸಾಕ್ಕೆ ಮಾನೊರೈಲು, ಹೋಗುವಾಗ ಮಾತ್ರ ಟಿಕೆಟ್, ಬರುವಾಗ ಉಚಿತ. ಸೇತುವೆಯ ಮೇಲೆ ನಡೆದರೆ ಅದೂ ಬೇಡ. ಬೆಳಗಿನ ತಿಂಡಿಗೆ ಸೆರಂಗೂನ್ ರಸ್ತೆಯಲ್ಲಿ ನಮ್ಮ ಎಂಟಿಆರ್ ಇದೆ.

ಹೋಟೆಲ್ ದರದ ಮುಂದೆ ಎರಡು ಕೂಡು ಚಿಹ್ನೆ ಇದ್ದರೆ ಗಮನಿಸಿ. ಶೇ 10 ಸೇವಾ ಶುಲ್ಕ, ಅದನ್ನೂ ಸೇರಿಸಿದ ಮೊತ್ತದ ಮೇಲೆ ಶೇ 9 ಜಿಎಸ್‌ಟಿ ಎಂದು ಅದರರ್ಥ. 200 ಸಿಂಗಪುರ ಡಾಲರಿನ ಕೋಣೆ ಕೊನೆಗೆ 239.80 ಆಗುತ್ತದೆ.