ಎರಡು ಎಕರೆ ಗದ್ದೆ ಮತ್ತು ನಮ್ಮ ತಲೆಬರಹ

ಗಂಗಾವತಿ ತಾಲ್ಲೂಕಿನ ಹಿರಿಯ ಓದುಗರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ‘ಥಲಸ್ಸೇಮಿಯಾಕ್ಕೆ ಕೊನೆಗೂ ಮದ್ದು’ ಎಂಬ ನಮ್ಮ ತಲೆಬರಹ ನೋಡಿ, ಆ ಕಾಯಿಲೆಯಿಂದಾಗಿ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವ ಆರು ವರ್ಷದ ಮೊಮ್ಮಗನಿಗಾಗಿ ಎಡದಂಡೆ ಕಾಲುವೆಯ ಕೆಳಗಿನ ಎರಡು ಎಕರೆ ಗದ್ದೆ ಮಾರಲು ಹೊರಟಿದ್ದೀರಿ. ಆ ಚಿಕಿತ್ಸೆ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಎಂದು ಕೇಳಿದ್ದೀರಿ. ದಯವಿಟ್ಟು ಗದ್ದೆ ಮಾರಬೇಡಿ. ಮುಂಗಡ ಪಡೆದಿದ್ದರೆ ಹಿಂದಿರುಗಿಸಿ. ಆ ತಲೆಬರಹ ಕೊಟ್ಟವನು ನಾನೇ, ತಪ್ಪು ನನ್ನದು.

ಸುದ್ದಿ ಸುಳ್ಳಲ್ಲ. ಥಲಸ್ಸೇಮಿಯಾ ಎಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ತಂದೆತಾಯಿಯಿಂದ ಬರುವ ಕಾಯಿಲೆ. ಬಸಿರಲ್ಲಿರುವ ಮಗುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು. ಹುಟ್ಟಿದ ಕೆಲವು ತಿಂಗಳಲ್ಲಿ ಬಿಸಿಎಲ್11ಎ ಎಂಬ ವಂಶವಾಹಿ ಅದರ ತೂಬು ಮುಚ್ಚುತ್ತದೆ, ದೊಡ್ಡವರ ಹಿಮೋಗ್ಲೋಬಿನ್ ಹರಿಯತೊಡಗುತ್ತದೆ. ನಿಮ್ಮ ಮೊಮ್ಮಗನಲ್ಲಿ ಕೆಟ್ಟಿರುವುದು ಈ ಎರಡನೆಯ ಕಾಲುವೆ. ವಿಜ್ಞಾನಿಗಳು ಅದನ್ನು ದುರಸ್ತಿ ಮಾಡುವ ಗೋಜಿಗೇ ಹೋಗಲಿಲ್ಲ. ರೋಗಿಯ ರಕ್ತದ ಕಾಂಡಕೋಶಗಳನ್ನು, ಅಂದರೆ ರಕ್ತಕಣ ಹುಟ್ಟಿಸುವ ‘ಸ್ಟೆಮ್ ಸೆಲ್’ಗಳನ್ನು ಹೊರತೆಗೆದು, ವಂಶವಾಹಿಯನ್ನು ಕತ್ತರಿಸುವ ಕ್ರಿಸ್ಪರ್ ಎಂಬ ಕತ್ತರಿಯಿಂದ ಹಳೆಯ ತೂಬನ್ನು ಮುಚ್ಚುವ ಕೀಲನ್ನೇ ಮುರಿದು, ಕೋಶಗಳನ್ನು ಮತ್ತೆ ಮೈಗೆ ಸೇರಿಸಿದರು. ಈ ಜಾಣತನ ನನಗೆ ಬಹಳ ಹಿಡಿಸಿತು. ತಲೆಬರಹ ಕೆಡಿಸಿದ್ದೂ ಅದೇ. ಪ್ರಯೋಗದಲ್ಲಿ ಲೆಕ್ಕಕ್ಕೆ ಸಿಕ್ಕ 35 ಮಂದಿಯಲ್ಲಿ 32 ಮಂದಿ ವರ್ಷವಿಡೀ ರಕ್ತ ಹಾಕಿಸಿಕೊಳ್ಳದೆ ಉಳಿದರು. 2023ರ ನವೆಂಬರಿನಲ್ಲಿ ಬ್ರಿಟನ್, 2024ರ ಜನವರಿಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು.

ಒಪ್ಪಿಗೆ ಸಿಕ್ಕಿದ್ದು 12 ವರ್ಷ ತುಂಬಿದವರಿಗೆ. ಅಮೆರಿಕದಲ್ಲಿ ಆಗ ನಿಗದಿಯಾದ ಬೆಲೆ 22 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ನಿಮ್ಮ ಊರಿನ ಗದ್ದೆಗಳೆಲ್ಲ ಸೇರಿದರೂ ಸಾಕಾಗುತ್ತದೋ ಇಲ್ಲವೋ. ಇದನ್ನೆಲ್ಲ ನಾವು ಕೊನೆಯ ಸಾಲಿಗೆ ತಳ್ಳಿದ್ದೆವು.

‘ಸ್ಟೆಮ್ ಸೆಲ್ ಇಂಜೆಕ್ಷನ್, ಸಂಜೆಗೆ ಮನೆಗೆ’ ಎಂದು ಎಂಟು ಲಕ್ಷ ಕೇಳಿದವರ ವಿಷಯ ಬರೆದಿದ್ದೀರಿ. ಅವರನ್ನು ಬಾಗಿಲಲ್ಲೇ ಕಳುಹಿಸಿ. ನಿಜವಾದ ಚಿಕಿತ್ಸೆಯಲ್ಲಿ ಮೊದಲು ಬಲವಾದ ಔಷಧ ಕೊಟ್ಟು ಹಳೆಯ ಅಸ್ಥಿಮಜ್ಜೆಯನ್ನು ಬರಿದು ಮಾಡಬೇಕು, ವಾರಗಟ್ಟಲೆ ಆಸ್ಪತ್ರೆಯಲ್ಲಿ ಇರಬೇಕು. ಸಂಜೆಗೆ ಮನೆಗೆ ಬರುವ ಮಾತೇ ಇಲ್ಲ.

ಹುಡುಗನಿಗೆ ಒಂಬತ್ತು ವರ್ಷದ ಅಕ್ಕ ಇದ್ದಾಳೆ ಎಂದು ನೀವು ಬರೆದಿರುವ ಮಾತು ಪತ್ರದಲ್ಲೆಲ್ಲ ದೊಡ್ಡದು. ಒಡಹುಟ್ಟಿದವರ ಎಚ್‌ಎಲ್‌ಎ, ಅಂದರೆ ಮೈಯು ತನ್ನದು-ಪರರದು ಎಂದು ಗುರುತಿಸುವ ಕೋಶಗಳ ಗುರುತು, ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿದರೆ ಅವಳ ಅಸ್ಥಿಮಜ್ಜೆಯನ್ನು ತಮ್ಮನಿಗೆ ಕಸಿ ಮಾಡಬಹುದು. ಅವಳು ಸ್ವತಃ ಥಲಸ್ಸೇಮಿಯಾದ ವಾಹಕಳಾಗಿದ್ದರೂ, ಅಂದರೆ ಕೆಟ್ಟ ವಂಶವಾಹಿಯ ಒಂದೇ ಪ್ರತಿ ಹೊತ್ತು ಕಾಯಿಲೆ ಇಲ್ಲದವಳಾಗಿದ್ದರೂ, ಅಡ್ಡಿಯಿಲ್ಲ. ಇದು ಹಳೆಯ ವಿದ್ಯೆ, ನಮ್ಮ ದೇಶದಲ್ಲೇ ನಡೆಯುತ್ತದೆ, ಚಿಕ್ಕ ವಯಸ್ಸಿನಲ್ಲಿ ಹೆಚ್ಚು ಫಲ ಕೊಡುತ್ತದೆ. ಕೋಲ್ ಇಂಡಿಯಾದ ಹಣದಿಂದ ನಡೆಯುವ ಥಲಸ್ಸೇಮಿಯಾ ಬಾಲ ಸೇವಾ ಯೋಜನೆ ಅರ್ಹ ಬಡ ಕುಟುಂಬಗಳಿಗೆ 10 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆ ಅದರ ಪಟ್ಟಿಯಲ್ಲಿದೆ.

ಅಲ್ಲಿಯವರೆಗೆ ರಕ್ತ ತಪ್ಪಿಸಬೇಡಿ. ಪ್ರತಿ ಚೀಲ ರಕ್ತದ ಜೊತೆ ಕಬ್ಬಿಣವೂ ಒಳಸೇರಿ ಹೃದಯ, ಪಿತ್ತಜನಕಾಂಗಗಳಲ್ಲಿ ಕೂರುತ್ತದೆ. ಅದನ್ನು ಇಳಿಸುವ ಮಾತ್ರೆ ನಿಲ್ಲಿಸಬಾರದು. ರಕ್ತ ಕಡಿಮೆಯೆಂದು ನೆಂಟರು ತಂದುಕೊಡುವ ಕಬ್ಬಿಣದ ಟಾನಿಕ್ ವೈದ್ಯರನ್ನು ಕೇಳದೆ ಕುಡಿಸಬೇಡಿ.

ಕಿರಿಯ ಮಗನಿಗೆ ಅಕ್ಕನ ಮಗಳನ್ನೇ ತರುವ ಮಾತು ನಡೆದಿದೆ ಎಂದಿದ್ದೀರಿ. ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ, ಬೇಡವೆನ್ನಲು ನಾನು ಯಾರು. ಆದರೆ ಮೊಮ್ಮಗನಿಗೆ ಈ ಕಾಯಿಲೆ ಬಂದಿರುವುದರಿಂದ ಅವನ ತಂದೆ, ಅಂದರೆ ನಿಮ್ಮ ಹಿರಿಯ ಮಗ, ವಾಹಕನೆಂಬುದು ಖಚಿತ. ಅವನಿಗೆ ಅದು ಬಂದಿದ್ದು ನಿಮ್ಮಿಂದ ಇಲ್ಲವೇ ನಿಮ್ಮ ಮನೆಯವರಿಂದ. ಹಾಗಾಗಿ ತಮ್ಮನಲ್ಲೂ ಅಕ್ಕನಲ್ಲೂ ಅವಳ ಮಗಳಲ್ಲೂ ಇರಬಹುದು. ವಾಹಕರಿಗೆ ಕಾಯಿಲೆ ಇರುವುದಿಲ್ಲ, ನೋಡಿದರೆ ತಿಳಿಯುವುದೂ ಇಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಇದೇ ಕಾಯಿಲೆಯ ಭಯ. ವೀಳ್ಯ ಹಿಡಿಯುವ ಮೊದಲು ಇಬ್ಬರಿಗೂ, ವಾಹಕರೋ ಅಲ್ಲವೋ ಎಂದು ತಿಳಿಸುವ ‘ಹಿಮೋಗ್ಲೋಬಿನ್ ಎ2’ ಪರೀಕ್ಷೆ ಮಾಡಿಸಿ. ಚೀಟಿಯಲ್ಲಿ ಆ ಹೆಸರನ್ನೇ ಬರೆಸಿ, ಬರೀ ‘ರಕ್ತ ಪರೀಕ್ಷೆ’ ಎಂದರೆ ಬೇರೆಯದನ್ನು ಮಾಡಿ ಕಳುಹಿಸುತ್ತಾರೆ.

— ಸಂಪಾದಕ