ಫಾರ್ಮುಲಾ ಒನ್ ಚಾಲಕರು ಅಮೆರಿಕದ ಕಾರ್ ರೇಸ್ ಸರಣಿ ಇಂಡಿಕಾರ್‌ಗೆ ಹೋದರೆ ಅಲ್ಲಿಯೂ ಗೆಲ್ಲುತ್ತಾರೆಯೇ?

ಗೆದ್ದವರಿದ್ದಾರೆ. 1992ರ ಫಾರ್ಮುಲಾ ಒನ್ ಚಾಂಪಿಯನ್ ನೈಜೆಲ್ ಮ್ಯಾನ್ಸೆಲ್ ಮರುವರ್ಷವೇ ಅಮೆರಿಕದ ಇಂಡಿಕಾರ್ ಪಟ್ಟವನ್ನೂ ಕಸಿದರು. ಅದೇ 1993ರಲ್ಲಿ ಅಲ್ಲಿಂದ ಫಾರ್ಮುಲಾ ಒನ್‌ನ ಮೆಕ್ಲಾರೆನ್ ತಂಡಕ್ಕೆ ಬಂದ ಮೈಕೆಲ್ ಆಂಡ್ರೆಟ್ಟಿ ಮಾತ್ರ 13 ರೇಸುಗಳಲ್ಲಿ ಒಂದೇ ಒಂದು ಮೂರನೇ ಸ್ಥಾನ ಪಡೆದು ಗಂಟುಮೂಟೆ ಕಟ್ಟಿದರು.

ನಿಜವಾದ ಪರೀಕ್ಷೆ ತೋಳುಗಳಿಗೆ. ಇಂಡಿಕಾರ್‌ನಲ್ಲಿ ಪವರ್ ಸ್ಟೀರಿಂಗ್ ಇಲ್ಲ. ಆಗುಂಬೆ ಘಾಟಿಯ ಕಡಿದಾದ ತಿರುವುಗಳಲ್ಲಿ ಹಳೆಯ ಜೀಪಿನ ಸ್ಟೀರಿಂಗ್ ತಿರುಗಿಸಿ ಭುಜ ನೋಯಿಸಿಕೊಂಡ ನಮ್ಮ ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಅಂಡಾಕಾರದ ಟ್ರ್ಯಾಕುಗಳಲ್ಲಿ ಗಂಟೆಗೆ 350 ಕಿ.ಮೀ. ದಾಟಿದ ವೇಗದಲ್ಲಿ ಕಾಂಕ್ರೀಟ್ ಗೋಡೆಯ ಪಕ್ಕದಲ್ಲೇ ಓಡಿಸಬೇಕು.

ಒಂದು ಅನುಕೂಲವಿದೆ: ಅಲ್ಲಿ ಎಲ್ಲ ತಂಡಗಳಿಗೂ ಡಲ್ಲಾರಾ ಕಂಪನಿಯದೇ ಚಾಸಿ, ಅಂದರೆ ಕಾರಿನ ಮೂಲ ಚೌಕಟ್ಟು; ಹಾಗಾಗಿ ಚಾಲಕನ ಕೈಚಳಕಕ್ಕೆ ಹೆಚ್ಚು ಬೆಲೆ. ಫಾರ್ಮುಲಾ ಒನ್‌ನಲ್ಲಿ ಒಮ್ಮೆಯೂ ಮೊದಲ ಮೂರರೊಳಗೆ ಬಾರದ ಮಾರ್ಕಸ್ ಎರಿಕ್ಸನ್ ಇಂಡಿಕಾರ್‌ನ ಅತಿ ಪ್ರತಿಷ್ಠಿತ ರೇಸಾದ ಇಂಡಿಯಾನಾಪೊಲಿಸ್ 500 ಅನ್ನು 2022ರಲ್ಲಿ ಗೆದ್ದದ್ದು ಹಾಗೆ.